ಪರಸ್ಥಳದಲ್ಲಿ ಹೂಡಿದ ಒಲೆ

ಬೇಯಿಸಿದ ಅನ್ನವನ್ನು ಮಾರುವುದು ತಕ್ಕ ಕೆಲಸವಲ್ಲವೆಂಬ ನಂಬಿಕೆಯು ನಮ್ಮ ಹಿರಿಯರಲ್ಲಿ ಬಹುಕಾಲ ಬಲವಾಗಿದ್ದಿತು. ದಾರಿಹೋಕನಿಗೆ ಛತ್ರವುಂಟು, ಮಠವುಂಟು, ನಂಟರ ಜಗಲಿಯುಂಟು. ಹಸಿದು ಬಂದವನ ಎಲೆಗೆ ಅನ್ನವನ್ನಿಕ್ಕಿ ಅವನಿಂದ ಕಾಸನ್ನೆಣಿಸಿಕೊಳ್ಳುವುದು ಹೇಗೆ ಎಂಬುದು ಅವರ ಸಂಕೋಚ. ಆದರೆ ಜೀವನೋಪಾಯಕ್ಕಾಗಿ ಊರಿಂದೂರಿಗೆ ಹೋಗುವವರು ಹೆಚ್ಚಿದಂತೆಲ್ಲ ಛತ್ರದ ಪಡಸಾಲೆಯು ಸಾಲದಾಯಿತು. ನಂಟರ ಜಗಲಿಯೂ ಕಿರಿದಾಯಿತು. ಇಂದು ಪಟ್ಟಣವಾಸಿಗಳಾದ ಗೃಹಸ್ಥರಲ್ಲಿ ಆಗೊಮ್ಮೆ ಈಗೊಮ್ಮೆಯಾದರೂ ಪರರ ಒಲೆಯಲ್ಲಿ ಬೆಂದುದನ್ನು ತಿನ್ನದವರು ವಿರಳ. ಆ ಒಲೆಯ ಮುಂದೆ ನಿಂತು ಬೆವರುತ್ತಿರುವವರು ಯಾರೆಂದು ವಿಚಾರಿಸಿದರೆ, ಅನೇಕ ವೇಳೆ ಅವರು ಆ ಊರಿನವರೇ ಅಲ್ಲ. ಎಲ್ಲಿಯೋ ಹುಟ್ಟಿ, ಹೊಟ್ಟೆಯ ಪಾಡಿಗಾಗಿ ಹೊರಟು, ಅಲ್ಲಿ ಬಂದು ನಿಂತವರು.

ಊರನ್ನು ಬಿಟ್ಟವರು ಅನ್ನದ ವ್ಯಾಪಾರವನ್ನೇ ಹಿಡಿಯುವುದೇಕೆಂಬುದು ಸುಲಭವಾಗಿ ಹೊಳೆಯತಕ್ಕ ವಿಷಯ. ಪರಸ್ಥಳಕ್ಕೆ ಬಂದವನಿಗೆ ನೆಲವಿಲ್ಲ, ಪರಿಚಯವಿಲ್ಲ, ಕೆಲವೊಮ್ಮೆ ಆ ನಾಡಿನ ಮಾತೂ ಬಾರದು. ತಾಯಿಯ ಅಡಿಗೆಮನೆಯಲ್ಲಿ ಕಂಡು ಕಲಿತ ಒಂದೆರಡು ತಿಂಡಿಗಳ ಹದವು ಮಾತ್ರ ಅವನೊಡನೆ ಬಂದಿರುತ್ತದೆ. ಬೆಳಗ್ಗೆ ಹಾಕಿದ ಹಣವು ಸಂಜೆಯೊಳಗೆ ಕೈಗೆ ತಿರುಗಿ ಬರುವಂಥ ಉದ್ಯೋಗವೂ ಇದೊಂದೇ ಎನ್ನಬಹುದು. ಆದರೆ ಹೀಗೆ ಒಲೆಯನ್ನು ಹೂಡಿದವರಲ್ಲಿ ಕೆಲವರು ಮೂರು ತಲೆಮಾರು ನೆಲೆಗೊಳ್ಳುವುದೂ ಕೆಲವರು ವರ್ಷ ತಿರುಗುವುದರೊಳಗೆ ಪಾತ್ರೆಗಳನ್ನು ಮಾರಿ ಹೊರಡುವುದೂ ಏಕೆಂಬ ಪ್ರಶ್ನೆಗೆ ಉತ್ತರವು ಅಷ್ಟು ಸುಲಭವಲ್ಲ. ಕೈರುಚಿಯೇ ಕಾರಣವೆಂದು ಹಲವರು ಹೇಳುವರು. ಒಳ್ಳೆಯ ಕೈರುಚಿಯುಳ್ಳವರೂ ಸೋತುಹೋದುದನ್ನು ನಾವೆಲ್ಲರೂ ಕಂಡಿದ್ದೇವೆ. ಈ ನಾಡಿನ ಉಪಾಹಾರಗೃಹಗಳ ಚರಿತ್ರೆಯನ್ನು ನೋಡಿದರೆ, ಒಲೆಯನ್ನು ಉಳಿಸಿದವರು ಬಹುಮಟ್ಟಿಗೆ ಅದರ ಹಿಂದೆ ನಿಂತ ಜನರೆಂಬುದು ನಮಗೆ ತೋರುತ್ತದೆ.

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯು ಈ ವಿಚಾರಕ್ಕೆ ಒಳ್ಳೆಯ ನಿದರ್ಶನ. ಬಿಡದಿ, ರಾಮನಗರ, ಚನ್ನಪಟ್ಟಣಗಳು ಈ ದಾರಿಯ ಮೇಲೆಯೇ ಇವೆ. ಮಾಗಡಿಯು ಅದರ ಒಂದು ಮಗ್ಗುಲಿಗೂ ಕನಕಪುರವು ಇನ್ನೊಂದು ಮಗ್ಗುಲಿಗೂ ಇರುತ್ತವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ಈ ನಾಲ್ಕು ತಾಲ್ಲೂಕುಗಳು ಸೇರಿ 2007ರಲ್ಲಿ ರಾಮನಗರ ಜಿಲ್ಲೆಯಾದುವು. 2025ರಲ್ಲಿ ರಾಜ್ಯದ ಮಂತ್ರಿಮಂಡಲವು ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೊಸ ಹೆಸರನ್ನಿಡಲು ನಿಶ್ಚಯಿಸಿತು. ಬೆಂಗಳೂರಿನಿಂದ ಹೊರಟ ರೈಲುದಾರಿಯು ಈ ಊರುಗಳನ್ನು ಹಾದು 1882ರಲ್ಲಿ ಮೈಸೂರನ್ನು ಮುಟ್ಟಿತು. ರೈಲು ಬಂದಿತೆಂದರೆ ಅದರೊಡನೆ ಹಸಿದ ಪ್ರಯಾಣಿಕರೂ ಬಂದರು. ಪ್ರಯಾಣಿಕರಿದ್ದೆಡೆಗೆ ತಿಂಡಿ ಮಾರುವವರೂ ಬಂದರು.

ಚನ್ನಪಟ್ಟಣವನ್ನು ದಾಟಿ ಮಂಡ್ಯ ಜಿಲ್ಲೆಯನ್ನು ಹೊಕ್ಕೊಡನೆ ಸಿಕ್ಕುವ ಮದ್ದೂರಿನ ವಡೆಯ ಕಥೆಯನ್ನು ವಾಚಕರು ಕೇಳಿಯೇ ಇರಬಹುದು. ಆ ವಡೆಯನ್ನು ಮೊದಲು ಮಾಡಿದವರು ಮದ್ದೂರಿನವರಲ್ಲ. ಕುಂದಾಪುರದ ಕಡೆಯಿಂದ ಬಂದು ನಿಲ್ದಾಣದಲ್ಲಿ ತಿಂಡಿಯನ್ನು ಮಾರುತ್ತಿದ್ದ ರಾಮಚಂದ್ರ ಬುಧ್ಯರೆಂಬವರು. 1917ರಲ್ಲಿ ಒಂದು ದಿನ ರೈಲು ವೇಳೆಗಿಂತ ಮೊದಲೇ ಬಂದುಬಿಡಲು, ಪಕೋಡಗಳನ್ನು ನಿಧಾನವಾಗಿ ಕರಿಯುವುದಕ್ಕೆ ಸಮಯವಿಲ್ಲದೆ, ಕಲಸಿದ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರೆಂದು ಪ್ರತೀತಿ. ಕಥೆಯು ಹೇಗೆಯೇ ಇರಲಿ, ಆ ತಿಂಡಿಯ ಗುಣವನ್ನು ಗಮನಿಸತಕ್ಕದ್ದು. ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ, ಕರಿಬೇವು ಸೇರಿದ ಈ ವಡೆಯು ಉದ್ದಿನ ವಡೆಯಂತೆ ಗಳಿಗೆಯಲ್ಲಿ ಮೆತ್ತಗಾಗದು. ಕಾಗದದಲ್ಲಿ ಸುತ್ತಿಕೊಂಡು ಊರಿಗೆ ಒಯ್ಯಬಹುದು. ರೈಲು ನಿಲ್ಲುವ ಕೆಲವೇ ನಿಮಿಷಗಳಲ್ಲಿ ಕಿಟಕಿಯಿಂದ ಕೊಳ್ಳುವವನಿಗೆ ಇದಕ್ಕಿಂತ ತಕ್ಕ ತಿಂಡಿಯಿಲ್ಲ. ಗಿರಾಕಿಯ ಅನುಕೂಲವನ್ನು ಅರಿತವನ ಅಡಿಗೆಯಿದು.

ಇದೇ ದಾರಿಯಲ್ಲಿ ಬಿಡದಿಯು ತಟ್ಟೆ ಇಡ್ಲಿಗೆ ಹೆಸರಾಯಿತು. ತುಮಕೂರಿನ ಬಳಿಯ ಕ್ಯಾತ್ಸಂದ್ರಕ್ಕೂ ಈ ಹೆಸರುಂಟು. ಅಗಲವಾದ ತಟ್ಟೆಗಳಲ್ಲಿ ಹಿಟ್ಟನ್ನು ಹುಯ್ದು, ಒಂದರ ಮೇಲೊಂದನ್ನಿರಿಸಿ ಹಬೆಯಲ್ಲಿ ಬೇಯಿಸಿ, ಮೇಲೆ ಬೆಣ್ಣೆಯ ತುಣುಕನ್ನಿಟ್ಟು ಕೊಡುವ ಈ ತಿಂಡಿಗೆ ಬೇಕಾದ ಸಾಮಗ್ರಿಯು ಅಲ್ಪ. ಒಂದು ದೊಡ್ಡ ಪಾತ್ರೆ, ತಟ್ಟೆಗಳು, ಅರೆಯುವ ಯಂತ್ರ, ಒಂದು ಚಟ್ನಿ, ಹಿಟ್ಟು ಹುಳಿಯುವ ಹದವನ್ನು ಬಲ್ಲ ಕೈ, ಇಷ್ಟಿದ್ದರೆ ಸಾಕು. ಹೊಸದಾಗಿ ಒಲೆ ಹೂಡುವವರಿಗೆ ಮದ್ದೂರೂ ಬಿಡದಿಯೂ ಕಲಿಸುವ ಮೊದಲ ಪಾಠವು ಇದು: ಇಪ್ಪತ್ತು ಬಗೆಯ ತಿಂಡಿಗಳ ಹಲಗೆಯನ್ನು ತೂಗಹಾಕಿ ಎಲ್ಲವನ್ನೂ ಅರ್ಧ ಹದದಲ್ಲಿ ಕೊಡುವುದಕ್ಕಿಂತ ಒಂದೇ ತಿಂಡಿಯನ್ನು ದಿನವೂ ಒಂದೇ ಹದದಲ್ಲಿ ಕೊಡುವುದು ಲೇಸು. ಮಿಕ್ಕು ಹಾಳಾಗುವುದು ಕಡಿಮೆ. ಹೆಸರು ನಿಲ್ಲುವುದು ಬೇಗ.

ಆದರೆ ಒಂಟಿಯಾಗಿ ಬಂದವನಿಗೆ ಮೊದಲನೆಯ ಪಾತ್ರೆಯನ್ನು ಕೊಡಿಸಿದವರಾರು? ಇದನ್ನು ತಿಳಿಯಲು ನಾವು ಘಟ್ಟದ ಕೆಳಗಣ ಸೀಮೆಯನ್ನು ನೋಡಬೇಕು. ಕುಂದಾಪುರ, ಕೋಟ, ಸಾಲಿಗ್ರಾಮ, ಉಡುಪಿ, ಕಾರ್ಕಳಗಳ ಕಡೆಯ ಜನರು ಇಪ್ಪತ್ತನೆಯ ಶತಮಾನದ ಆರಂಭದಿಂದ ಗುಂಪುಗುಂಪಾಗಿ ಘಟ್ಟವನ್ನೇರಿದರು. ಹಿಡುವಳಿಯು ಚಿಕ್ಕದು, ಮನೆಯಲ್ಲಿ ಮಕ್ಕಳು ಬಹಳ, ಮಳೆಗಾಲವು ದೀರ್ಘ. ಇವೆಲ್ಲದರ ಮೇಲೆ 1923ರ ಮಹಾಪೂರವು ದಕ್ಷಿಣ ಕನ್ನಡವನ್ನು ಹಾಳುಗೆಡವಿತು. ಇತ್ತ ಉಡುಪಿಯಲ್ಲಿ ಎಂಟು ಮಠಗಳು ಎರಡೆರಡು ವರ್ಷಗಳ ಪರ್ಯಾಯದಿಂದ ಶ್ರೀಕೃಷ್ಣನ ಪೂಜೆಯನ್ನು ನಡೆಸುವ ಪದ್ಧತಿಯುಂಟಷ್ಟೆ. ಅಲ್ಲಿ ನಿತ್ಯವೂ ನಡೆಯುವ ಸಂತರ್ಪಣೆಯು ಸಾವಿರ ಜನಕ್ಕೆ ಒಂದೇ ಹದದಲ್ಲಿ ಅಡಿಗೆ ಮಾಡುವ ವಿದ್ಯೆಯನ್ನು ಆ ಸೀಮೆಯಲ್ಲಿ ಉಳಿಸಿಕೊಂಡು ಬಂದಿತ್ತು. ಮನೆಯಲ್ಲಿ ಬಡತನ, ಕೈಯಲ್ಲಿ ವಿದ್ಯೆ. ಇವೆರಡೂ ಸೇರಿದ್ದರಿಂದ ಉಡುಪಿ ಹೋಟಲು ಹುಟ್ಟಿತು.

ಈ ಹೋಟಲುಗಳಲ್ಲಿ ಹೊಸಬನ ಶಿಕ್ಷಣವು ಮೆಟ್ಟಲುಮೆಟ್ಟಲಾಗಿ ಸಾಗುತ್ತಿದ್ದಿತು. ಊರಿನಿಂದ ಬಂದ ಹುಡುಗನು ಮೊದಲು ಎಂಜಲು ತಟ್ಟೆಯನ್ನು ತೊಳೆಯುವನು, ಆಮೇಲೆ ಮೇಜನ್ನು ಒರಸುವನು, ತರಕಾರಿಯನ್ನು ಹೆಚ್ಚುವನು, ಹಿಟ್ಟನ್ನು ರುಬ್ಬುವನು, ಬಡಿಸುವನು, ಕಾಫಿಯ ಕಷಾಯವನ್ನಿಳಿಸುವನು, ಕಡೆಗೆ ಹಣದ ಪೆಟ್ಟಿಗೆಯ ಮುಂದೆ ಕುಳಿತುಕೊಳ್ಳುವನು. ಊಟವೂ ಮಲಗುವ ತಾವೂ ಅಲ್ಲಿಯೇ. ಹತ್ತು ವರ್ಷಗಳಲ್ಲಿ ಅವನಿಗೆ ಅಡಿಗೆಯೂ ಲೆಕ್ಕವೂ ದಿನಸಿಯ ಅಂಗಡಿಯವರ ಪರಿಚಯವೂ ಗಿರಾಕಿಯನ್ನು ಮಾತನಾಡಿಸುವ ರೀತಿಯೂ ಕೈವಶವಾಗುತ್ತಿದ್ದುವು. ಅನಂತರ ಅವನು ಬೇರೊಂದು ಬೀದಿಯಲ್ಲಿ ಸ್ವಂತ ಒಲೆ ಹೂಡುವೆನೆಂದರೆ, ಹಳೆಯ ಯಜಮಾನನೋ ಅವನ ನಂಟರೋ ಜಾಮೀನು ನಿಲ್ಲುತ್ತಿದ್ದರು. ಅವನಾದರೂ ತನ್ನ ಹಳ್ಳಿಯಿಂದ ಇನ್ನಿಬ್ಬರು ಹುಡುಗರನ್ನು ಕರೆಯಿಸಿಕೊಳ್ಳುತ್ತಿದ್ದನು. ಒಂದು ದೀಪದಿಂದ ಇನ್ನೊಂದು ದೀಪವನ್ನು ಹಚ್ಚಿದಂತೆ ಈ ಪರಂಪರೆಯು ನಡೆದುಬಂದಿತು.

ಪ್ರಸಿದ್ಧರಾದವರ ಚರಿತ್ರೆಯಲ್ಲಿಯೂ ಇದನ್ನೇ ಕಾಣುತ್ತೇವೆ. ಪಾರಂಪಳ್ಳಿಯ ಮಯ್ಯ ಸಹೋದರರು ಬೆಂಗಳೂರಿಗೆ ಬಂದಾಗ ಮೊದಲು ದೊಡ್ಡವರ ಮನೆಗಳಲ್ಲಿ ಅಡಿಗೆಯ ಕೆಲಸಕ್ಕೆ ನಿಂತರು. 1924ರಲ್ಲಿ ಚಿಕ್ಕದೊಂದು ಕಾಫಿ ಕ್ಲಬ್ಬನ್ನು ತೆರೆದರು. ಅದೇ ಇಂದಿನ ಮಾವಳ್ಳಿ ಟಿಫಿನ್ ರೂಮ್ಸ್. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಯು ದುರ್ಲಭವಾದಾಗ ಅಲ್ಲಿ ರವೆಯ ಇಡ್ಲಿಯು ಹುಟ್ಟಿತೆಂಬುದು ಸರ್ವವಿದಿತ. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪನ್ನು ಸುತ್ತಿ ಬಂದಮೇಲೆ ಅಡಿಗೆಮನೆಯ ಶುಚಿತ್ವಕ್ಕೆ ಹೊಸ ನಿಯಮಗಳನ್ನು ತಂದರು. ಕಡಂದಲೆಯ ಕೆ. ಕೃಷ್ಣರಾಯರು ಮದ್ರಾಸಿನಲ್ಲಿ ಪರರ ಹೋಟಲಿನಲ್ಲಿ ದುಡಿದು, 1930ರ ದಶಕದ ಕೊನೆಗೆ ವುಡ್‌ಲ್ಯಾಂಡ್ಸ್ ಹೋಟಲನ್ನು ಕಟ್ಟಿದರು. ಎ. ರಾಮನಾಯಕರು ಮುಂಬಯಿಯ ಹೋಟಲುಗಳಲ್ಲಿ ಕೆಳಗಿನ ಮೆಟ್ಟಲಿನಿಂದ ದುಡಿದು ಬಂದು, 1942ರಲ್ಲಿ ಮಾಟುಂಗಾ ನಿಲ್ದಾಣದ ಬಳಿ ತಮ್ಮ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದರು. ಇವರಲ್ಲಿ ಯಾರೂ ಬಂದ ದಿನವೇ ಯಜಮಾನರಾಗಲಿಲ್ಲ. ಪ್ರತಿಯೊಬ್ಬರೂ ಮೊದಲು ಮತ್ತೊಬ್ಬರ ಒಲೆಯ ಮುಂದೆ ನಿಂತು ಕಲಿತರು.

ಮುಂಬಯಿಯಲ್ಲಿ ಈ ಸಹಾಯವು ಸಂಸ್ಥೆಯ ರೂಪವನ್ನೇ ತಾಳಿತು. 1902ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಎಸೋಸಿಯೇಶನ್ ಮೊದಲಾದ ಸಂಘಗಳು ಹಗಲೆಲ್ಲ ದುಡಿಯುವ ಹುಡುಗರಿಗಾಗಿ ಕನ್ನಡದ ರಾತ್ರಿಶಾಲೆಗಳನ್ನು ನಡೆಸಿದುವು. ಹಗಲು ತಟ್ಟೆ ತೊಳೆದು ರಾತ್ರಿ ಪಾಠವನ್ನೋದಿದ ಹುಡುಗರಲ್ಲಿ ಎಷ್ಟೋ ಮಂದಿ ಹೋಟಲಿನ ಒಡೆಯರೂ ವಕೀಲರೂ ಉಪಾಧ್ಯಾಯರೂ ಆದರು. ಓದು ಬಂದುದರಿಂದ ಲೆಕ್ಕವನ್ನು ತಾವೇ ಬರೆದರು. ಕರಾರುಪತ್ರವನ್ನು ತಾವೇ ಓದಿದರು. ಪರರು ತೋರಿಸಿದೆಡೆಯಲ್ಲಿ ಕಣ್ಣುಮುಚ್ಚಿ ಹೆಬ್ಬೆಟ್ಟೊತ್ತುವ ಕಷ್ಟವು ತಪ್ಪಿತು. ಬಿಲ್ಲವ ಸಮಾಜದವರು ಮುಂದೆ 1978ರಲ್ಲಿ ಭಾರತ್ ಸಹಕಾರಿ ಬ್ಯಾಂಕನ್ನೂ ಅಲ್ಲಿ ಸ್ಥಾಪಿಸಿದರು.

ಸಣ್ಣವರ ಹಣದ ವಿಚಾರದಲ್ಲಿ ಉಡುಪಿಯವರ ಬುದ್ಧಿಯು ಮೆಚ್ಚತಕ್ಕದ್ದು. 1925ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು ತಮ್ಮ ಅಣ್ಣ ಉಪೇಂದ್ರ ಪೈಗಳು, ವಾಮನ ಕುಡ್ವರು ಇವರೊಡನೆ ಕೇವಲ 8,000 ರೂಪಾಯಿಗಳ ಮೂಲಧನದಿಂದ ಆರಂಭಿಸಿದ ಸಂಸ್ಥೆಯು ಕಾಲಾಂತರದಲ್ಲಿ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ಸೇರಿಹೋಯಿತು. 1928ರಲ್ಲಿ ಆ ಸಂಸ್ಥೆಯವರು ಪಿಗ್ಮಿ ಠೇವಣಿಯೆಂಬ ಪದ್ಧತಿಯನ್ನು ತಂದರು. ಬ್ಯಾಂಕಿನ ಮನುಷ್ಯನೇ ದಿನವೂ ಅಂಗಡಿಯ ಬಾಗಿಲಿಗೆ ಬಂದು ಎರಡಾಣೆಯಷ್ಟು ಅಲ್ಪ ಮೊಬಲಗನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದನು. ತಿಂಗಳ ಕೊನೆಗೆ ಉಳಿಸುವೆನೆಂದವನು ಉಳಿಸಲಾರನು. ದಿನದ ಗಳಿಕೆಯವನು ದಿನವೇ ಉಳಿಸಬೇಕೆಂಬ ಮರ್ಮವು ಇದರಲ್ಲಿದೆ. ತಿಂಡಿಯ ವ್ಯಾಪಾರಿಗೆ ಇದಕ್ಕಿಂತ ಹೊಂದುವ ಪದ್ಧತಿಯುಂಟೆ?

ಇಷ್ಟನ್ನು ಹೊಗಳಿದಮೇಲೆ ಇದರ ದೋಷವನ್ನು ಮುಚ್ಚಿಡುವುದು ನ್ಯಾಯವಲ್ಲ. ಈ ನೆರವೆಲ್ಲವೂ ಹುಟ್ಟಿನಿಂದ ಬರುತ್ತಿದ್ದಿತು. ಒಂದು ಸೀಮೆಯವನು, ಒಂದು ಜಾತಿಯವನು, ಒಂದು ಮನೆತನದ ಪರಿಚಯವುಳ್ಳವನು ಬಂದರೆ ಬಾಗಿಲು ತೆರೆಯುತ್ತಿದ್ದಿತು, ಬೇರೆಯವನಿಗೆ ತೆರೆಯುತ್ತಿರಲಿಲ್ಲ. ಹಳೆಯ ಕಾಲದ ಅನೇಕ ಕಾಫಿ ಕ್ಲಬ್ಬುಗಳ ಹೆಸರಿನಲ್ಲಿಯೇ ಜಾತಿಯಿದ್ದಿತು. ಒಳಗೆ ಕುಳಿತುಕೊಳ್ಳುವ ತಾವಿನಲ್ಲಿಯೂ ಭೇದವಿದ್ದಿತು. 1950ರ ಜನವರಿ 26ರಂದು ಜಾರಿಗೆ ಬಂದ ರಾಜ್ಯಾಂಗದ 15ನೆಯ ವಿಧಿಯು, ಅಂಗಡಿ ಹೋಟಲುಗಳ ಪ್ರವೇಶಕ್ಕೆ ಜಾತಿಮತಗಳ ಅಡ್ಡಿಯು ಕೂಡದೆಂದು ಸಾರಿತು. ಬಾಲಕರ ವಿಷಯವೂ ಹಾಗೆಯೇ. ಆಡುವ ವಯಸ್ಸಿನ ಮಕ್ಕಳು ನಡುರಾತ್ರಿಯವರೆಗೆ ಪಾತ್ರೆ ತೊಳೆಯುತ್ತಿದ್ದುದನ್ನು ನಾವು ಶಿಕ್ಷಣವೆಂದು ಹೊಗಳಲಾರೆವು. 14 ವರ್ಷಕ್ಕೆ ಕೆಳಗಿನವರನ್ನು ಹೋಟಲುಗಳಲ್ಲಿ ದುಡಿಸಿಕೊಳ್ಳುವುದು 2006ರ ಅಕ್ಟೋಬರಿನಲ್ಲಿ ನಿಷಿದ್ಧವಾಯಿತು. ಇನ್ನು ಸ್ತ್ರೀಯರೋ, ಮನೆಯಲ್ಲಿ ದಿನವೂ ಅಡಿಗೆ ಮಾಡುತ್ತಿದ್ದವರು ಅವರೇ ಆದರೂ ಹೋಟಲಿನ ಹಣದ ಪೆಟ್ಟಿಗೆಯ ಬಳಿ ಅವರಿಗೆ ಸ್ಥಳವು ಬಹುಕಾಲ ದೊರೆಯಲಿಲ್ಲ.

ಆದಕಾರಣ ಇಂದಿನ ಪ್ರಶ್ನೆಯು ಇದು: ಉಡುಪಿಯ ಹುಡುಗನಿಗೆ ಹುಟ್ಟಿನಿಂದ ದೊರೆಯುತ್ತಿದ್ದ ಶಿಕ್ಷಣ, ವಸತಿ, ಜಾಮೀನು, ಧೈರ್ಯ ಇವು ನಾಲ್ಕೂ, ಯಾವ ನಂಟರೂ ಇಲ್ಲದೆ ಬಂದವನಿಗೂ ಬಂದವಳಿಗೂ ದೊರೆಯುವಂತೆ ಮಾಡುವುದು ಹೇಗೆ?

ಸ್ತ್ರೀಯರೇ ಇದಕ್ಕೆ ಒಂದು ಉತ್ತರವನ್ನು ಕೊಟ್ಟಿದ್ದಾರೆ. 1959ರ ಮಾರ್ಚಿ 15ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಗುಜರಾತಿ ಗೃಹಿಣಿಯರು 80 ರೂಪಾಯಿಗಳನ್ನು ಸಾಲ ತಂದು ಮಹಡಿಯ ಮೇಲೆ ಹಪ್ಪಳವನ್ನು ಲಟ್ಟಿಸಿದರು. ಅದೇ ಬೆಳೆದು ಲಿಜ್ಜತ್ ಹಪ್ಪಳದ ಸಂಸ್ಥೆಯಾಯಿತು. ಅಲ್ಲಿ ದುಡಿಯುವ ಸ್ತ್ರೀಯರೆಲ್ಲರೂ ಪಾಲುದಾರರೇ. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಟುಂಬಶ್ರೀ ಸಂಘಗಳ ಸ್ತ್ರೀಯರು ಉಪಾಹಾರಗೃಹಗಳನ್ನು ನಡೆಸುತ್ತಿದ್ದಾರೆ. ನಮ್ಮ ರಾಜ್ಯದಲ್ಲಿ 2000ದಲ್ಲಿ ಸ್ತ್ರೀಶಕ್ತಿ ಸಂಘಗಳು ಆರಂಭವಾದುವು. 2024-25ರ ಆಯವ್ಯಯದಲ್ಲಿ ಸ್ತ್ರೀಯರೇ ನಡೆಸುವ 50 ಉಪಾಹಾರಗೃಹಗಳಿಗಾಗಿ ಸರ್ಕಾರವು 7.5 ಕೋಟಿ ರೂಪಾಯಿಗಳನ್ನು ಸಾರಿತು. ವಾರಕ್ಕೊಮ್ಮೆ ಕೂಡಿ, ಅಷ್ಟಿಷ್ಟು ಉಳಿಸಿ, ಒಬ್ಬರಿಗೊಬ್ಬರು ಜಾಮೀನು ನಿಲ್ಲುವ ಈ ಸಂಘಗಳು, ನಂಟರಿಲ್ಲದವರಿಗೆ ನಂಟರಾಗಿ ನಿಲ್ಲುತ್ತವೆ.

ಶಿಕ್ಷಣದ ವಿಷಯದಲ್ಲಿಯೂ ಆ ಕರಾವಳಿಯೇ ದಾರಿಯನ್ನು ತೋರಿತು. ಶ್ರೀ ಧರ್ಮಸ್ಥಳದ ಡಾಕ್ಟರ್ ಡಿ. ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ, ಧರ್ಮಸ್ಥಳದ ವಿದ್ಯಾಸಂಸ್ಥೆಯೂ ಸಿಂಡಿಕೇಟ್ ಬ್ಯಾಂಕೂ ಕೆನರಾ ಬ್ಯಾಂಕೂ ಸೇರಿ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆಯನ್ನು ಸ್ಥಾಪಿಸಿದುವು. ಕೆಲಸವಿಲ್ಲದ ತರುಣರನ್ನು ಕರೆದು, ಶುಲ್ಕವಿಲ್ಲದೆ ಊಟ ವಸತಿಗಳನ್ನು ಕೊಟ್ಟು, ಕೆಲವು ದಿನಗಳಲ್ಲಿ ಒಂದು ಕಸುಬನ್ನೂ ಅದರ ಲೆಕ್ಕಾಚಾರವನ್ನೂ ಕಲಿಸುವುದು ಅಲ್ಲಿಯ ಕ್ರಮ. ಕಲಿತು ಹೋದವರನ್ನು ಅಷ್ಟಕ್ಕೇ ಬಿಡದೆ ಸುಮಾರು ಎರಡು ವರ್ಷಗಳವರೆಗೆ ವಿಚಾರಿಸಿಕೊಳ್ಳುತ್ತಾರೆ. ಬ್ಯಾಂಕಿನ ಸಾಲಕ್ಕೆ ದಾರಿ ಮಾಡಿಕೊಡುತ್ತಾರೆ. ಈ ಮಾದರಿಯನ್ನು ಭಾರತ ಸರ್ಕಾರವು 2009ರಿಂದ ಅಂಗೀಕರಿಸಿ, ಜಿಲ್ಲೆಗೊಂದರಂತೆ ಬ್ಯಾಂಕುಗಳ ಮೂಲಕ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸಬೇಕೆಂದು ಗೊತ್ತುಮಾಡಿತು. ಹಪ್ಪಳ, ಉಪ್ಪಿನಕಾಯಿ, ಸಂಬಾರಪುಡಿಗಳ ತಯಾರಿಕೆಯೂ ತಿಂಡಿಯ ಗಾಡಿಯನ್ನು ನಡೆಸುವ ಕ್ರಮವೂ ಇಲ್ಲಿ ಕಲಿಸುವ ವಿಷಯಗಳಲ್ಲಿ ಸೇರಿವೆ.

ರಾಮನಗರದ ಸೀಮೆಯವರಿಗೆ ಹತ್ತಿರದ ನೆರವೂ ಉಂಟು. ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ರಾಗಿ, ಮಾವು, ಹಲಸುಗಳು ಬೆಳೆಯುವ ಈ ನಾಡಿನಲ್ಲಿ ಅವನ್ನು ಹಸಿಯಾಗಿಯೇ ಮಾರದೆ ತಿಂಡಿಯನ್ನಾಗಿ ಮಾಡಿ ಮಾರುವ ವಿದ್ಯೆಗೆ ಇಂಥ ಕೇಂದ್ರಗಳೇ ತಕ್ಕ ಸ್ಥಳ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದವರು ಬ್ರೆಡ್ಡು ಬಿಸ್ಕತ್ತುಗಳ ತಯಾರಿಕೆಯನ್ನು ಕಲಿಸುತ್ತಾರೆ. ದಾರಿಯ ಆ ತುದಿಯಲ್ಲಿ, ಮೈಸೂರಿನ ಚೆಲುವಾಂಬಾ ಮಂದಿರದಲ್ಲಿ, 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯವಿದೆ; ಅಲ್ಲಿಯೂ ಅಲ್ಪಾವಧಿಯ ತರಗತಿಗಳು ನಡೆಯುತ್ತವೆ. ಕೈಯ ಅಂದಾಜಿನಿಂದ ಮಾಡುವ ಉಪ್ಪಿನಕಾಯಿಯು ಮನೆಗೆ ಸಾಕು. ನೂರು ಮನೆಗಳಿಗೆ ಮಾರತಕ್ಕ ಉಪ್ಪಿನಕಾಯಿಗೆ ಅಳತೆಯೂ ತೂಕವೂ ಬೇಕು. ಈ ಅಳತೆಯೇ ತರಬೇತಿಯ ಸಾರ.

ಈಗ ಈ ನಾಲ್ಕು ಊರುಗಳ ಇಂದಿನ ಸ್ಥಿತಿಯನ್ನು ನೋಡೋಣ. 2023ರ ಮಾರ್ಚಿ 12ರಂದು ಬೆಂಗಳೂರು-ಮೈಸೂರುಗಳ ನಡುವಣ ಸುಮಾರು 118 ಕಿಲೋಮೀಟರುಗಳ ಹೊಸ ಹೆದ್ದಾರಿಯು ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳೊಳಗೆ ಹೊಗದೆ ಅದು ಹೊರಗಿನಿಂದಲೇ ಸುತ್ತಿ ಹೋಗುತ್ತದೆ. ಪ್ರಯಾಣದ ಕಾಲವು ಉಳಿಯಿತು. ಆದರೆ ಬಿಡದಿಯಲ್ಲಿ ಇಡ್ಲಿಗಾಗಿ, ಚನ್ನಪಟ್ಟಣದಲ್ಲಿ ಬೊಂಬೆಗಾಗಿ, ಮದ್ದೂರಿನಲ್ಲಿ ವಡೆಗಾಗಿ ನಿಲ್ಲುತ್ತಿದ್ದ ಕಾರುಗಳಲ್ಲಿ ಬಹುಪಾಲು ಈಗ ನಿಲ್ಲದೆ ಹೋಗುತ್ತಿವೆ. ಹಳೆಯ ರಸ್ತೆಯ ಇಕ್ಕೆಲಗಳ ತಿಂಡಿಯ ಅಂಗಡಿಗಳವರಿಗೆ ಇದು ದೊಡ್ಡ ಪೆಟ್ಟು. ದಾರಿಯನ್ನೇ ನಂಬಿ ಒಲೆ ಹೂಡಿದವನ ಗತಿಯು ದಾರಿಯು ತಿರುಗಿದಾಗ ಏನಾಗುವುದೆಂಬುದನ್ನು ನಮ್ಮ ಕಣ್ಣೆದುರಿಗೇ ಕಂಡೆವು.

ಆದರೂ ಗಿರಾಕಿಗಳೆಲ್ಲರೂ ಹೋಗಲಿಲ್ಲವೆಂಬುದನ್ನು ಗಮನಿಸಬೇಕು. 2023ರ ಆಗಸ್ಟ್ 1ರಿಂದ ಹೊಸ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೂ ಆಟೋಗಳಿಗೂ ಟ್ರ್ಯಾಕ್ಟರುಗಳಿಗೂ ಪ್ರವೇಶವಿಲ್ಲ. ಅವು ಮಗ್ಗುಲ ರಸ್ತೆಗಳಲ್ಲಿಯೇ ಹೋಗಬೇಕು. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ನಾನಾ ಜಿಲ್ಲೆಗಳ ರೈತರು ಗೂಡು ತರುತ್ತಾರೆ. ಹರಾಜಿಗಾಗಿ ಕಾಯುವವರಿಗೆ ಬಿಸಿ ತಿಂಡಿಯು ಬೇಕು. ಬಿಡದಿ, ಹಾರೋಹಳ್ಳಿಗಳ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಎಷ್ಟೋ ಮಂದಿ ಮನೆಯವರನ್ನು ಊರಿನಲ್ಲಿ ಬಿಟ್ಟು ಬಂದವರು. ಅವರಿಗೆ ಮನೆಯ ರುಚಿಯ ಊಟವು ಬೇಕು. ಸಾವನದುರ್ಗಕ್ಕೆ ಮಾಗಡಿಯ ಮೇಲೆಯೂ ಸಂಗಮ ಮೇಕೆದಾಟುಗಳಿಗೆ ಕನಕಪುರದ ಮೇಲೆಯೂ ಯಾತ್ರಿಕರು ಹೋಗುತ್ತಾರೆ. ಇವರಲ್ಲಿ ಯಾತ್ರಿಕನು ಒಂದು ಬಾರಿಯ ಗಿರಾಕಿ; ಕಾರ್ಖಾನೆಯವನೂ ಗೂಡಿನ ರೈತನೂ ಶಾಲೆಯ ಉಪಾಧ್ಯಾಯನೂ ಮತ್ತೆಮತ್ತೆ ಬರುವವರು. ಹೊಸದಾಗಿ ಆರಂಭಿಸುವವನು ಮೊದಲು ಈ ಎರಡನೆಯವರನ್ನು ನೆಚ್ಚಬೇಕೆಂದು ನಮ್ಮ ಅಭಿಪ್ರಾಯ.

ಬಂಡಿಯಲ್ಲಿ ತಿಂಡಿ ಮಾರುವವನಿಗೆ ಕಾಯಿದೆಯ ಆಸರೆಯೂ ಉಂಟೆಂಬುದನ್ನು ಬಹುಮಂದಿ ತಿಳಿಯರು. ಬೀದಿ ವ್ಯಾಪಾರಿಗಳ 2014ರ ಕಾಯಿದೆಯಂತೆ ಪ್ರತಿ ಪಟ್ಟಣದಲ್ಲಿಯೂ ಒಂದು ಸಮಿತಿಯಿರಬೇಕು. ಅದರಲ್ಲಿ ನೂರಕ್ಕೆ 40ರಷ್ಟಾದರೂ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು. ಗಣತಿಯು ಮುಗಿದು ಪ್ರಮಾಣಪತ್ರವನ್ನು ಕೊಡುವವರೆಗೆ ಇದ್ದವರನ್ನು ಎಬ್ಬಿಸಕೂಡದು. ಮಹಾಮಾರಿಯ ವರ್ಷವಾದ 2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಸ್ವನಿಧಿಯೆಂಬ ಹೆಸರಿನಿಂದ 10,000 ರೂಪಾಯಿಗಳ ಮೊದಲ ಸಾಲವನ್ನು ಏರ್ಪಡಿಸಿದರು. 2025ರಲ್ಲಿ ಅದನ್ನು 15,000 ರೂಪಾಯಿಗಳಿಗೆ ಏರಿಸಿದರು. ಮೊದಲ ಸಾಲವನ್ನು ತೀರಿಸಿದವರಿಗೆ ಹೆಚ್ಚಿನ ಸಾಲವು ದೊರೆಯುತ್ತದೆ. 2015ರ ಮುದ್ರಾ ಯೋಜನೆಯಲ್ಲಿ ಅಡವಿಲ್ಲದೆ 50,000 ರೂಪಾಯಿಗಳವರೆಗಿನ ಶಿಶು ಸಾಲವುಂಟು. ದಿನಬಡ್ಡಿಗೆ ಹಣ ತಂದು ಒಲೆ ಹೂಡುವವರು ಮೊದಲು ಇವನ್ನು ವಿಚಾರಿಸಬೇಕು. ದಿನಬಡ್ಡಿಯ ಹಣದಿಂದ ಬೆಂದ ಇಡ್ಲಿಯನ್ನು ಕಡೆಗೆ ಸಾಲಗಾರನೇ ತಿನ್ನುವನು.

ಹಣಕ್ಕಿಂತಲೂ ಮೊದಲು ಲೆಕ್ಕವು ಬೇಕು. ಉದಾಹರಣೆಗಾಗಿ ಒಂದು ಚಿಕ್ಕ ಅಂಗಡಿಯಲ್ಲಿ ದಿನಕ್ಕೆ 3,000 ರೂಪಾಯಿ ಪೆಟ್ಟಿಗೆಗೆ ಬಿದ್ದಿತೆಂದು ಭಾವಿಸೋಣ. ದಿನಸಿ, ಎಣ್ಣೆ, ತರಕಾರಿಗಳಿಗೆ 1,400, ಅನಿಲಕ್ಕೆ 300, ಬಾಡಿಗೆ ನೀರುಗಳಿಗೆ 250, ಸಹಾಯಕನ ಕೂಲಿಗೆ 500, ಸಾಲದ ಕಂತಿಗೆ 150. ಒಟ್ಟು 2,600 ಕಳೆದು ಉಳಿದುದು 400. ಗಂಡ ಹೆಂಡಿರಿಬ್ಬರೂ ಮುಂಜಾನೆ 4 ಗಂಟೆಗೆ ಎದ್ದು ದುಡಿದುದಕ್ಕೆ ಇದೇ ಕೂಲಿ. ಲೆಕ್ಕ ಬರೆಯದವನು ರಾತ್ರಿ ಪೆಟ್ಟಿಗೆಯಲ್ಲಿ 3,000 ರೂಪಾಯಿಗಳನ್ನು ಕಂಡು ಸಂತೋಷದಿಂದ ಖರ್ಚುಮಾಡುವನು. ಬೆಳಗಾದರೆ ಉದ್ದು ಕೊಳ್ಳಲು ಹಣವಿಲ್ಲ. ಒಂದು ದಿನ ಮಳೆ ಸುರಿದು 50 ತಟ್ಟೆಗಳ ಹಿಟ್ಟು ಮಿಕ್ಕಿತೆಂದರೆ ಎರಡು ದಿನಗಳ ಉಳಿತಾಯವು ಹೋಯಿತು. ಕೈರುಚಿಯುಳ್ಳವರು ಸೋಲುವುದು ಇಲ್ಲಿಯೇ. ಹಳೆಯ ಹೋಟಲಿನ ಹುಡುಗನು ಯಜಮಾನನ ಪೆಟ್ಟಿಗೆಯ ಬಳಿ ಕುಳಿತು ಇದನ್ನು ಕಲಿಯುತ್ತಿದ್ದನು. ನಂಟರಿಲ್ಲದವನಿಗೆ ಇದನ್ನು ಯಾರಾದರೂ ಕುಳ್ಳಿರಿಸಿಕೊಂಡು ಹೇಳಿಕೊಡಬೇಕು.

ಶುಚಿತ್ವವನ್ನು ಕುರಿತು ಒಂದು ಮಾತು. 2006ರ ಆಹಾರ ಸುರಕ್ಷತೆಯ ಕಾಯಿದೆಯು ದೊಡ್ಡ ಹೋಟಲಿಗೆ ಹೇಗೋ ಬಂಡಿಯವನಿಗೂ ಹಾಗೆಯೇ ಅನ್ವಯಿಸುತ್ತದೆ. ಮುಚ್ಚಿದ ನೀರು, ಒಂದೆರಡು ಬಾರಿಗಿಂತ ಹೆಚ್ಚು ಕಾಯಿಸದ ಎಣ್ಣೆ, ಉಗುರು ಕತ್ತರಿಸಿದ ಕೈ, ಇವಕ್ಕೆ ಹಣವು ಹೆಚ್ಚು ಬೇಡ, ಅಭ್ಯಾಸವು ಬೇಕು. ಪರಿಚಯವಿಲ್ಲದ ಊರಿನಲ್ಲಿ ಒಮ್ಮೆ ಒಬ್ಬ ಗಿರಾಕಿಗೆ ಹೊಟ್ಟೆ ಕೆಟ್ಟರೆ, ಊರಿನವನನ್ನು ಕ್ಷಮಿಸುವ ಜನರು ಪರಸ್ಥಳದವನನ್ನು ಕ್ಷಮಿಸುವುದಿಲ್ಲ.

ಕಡೆಗೆ ನಮ್ಮಂಥ ಗೃಹಸ್ಥರ ಕರ್ತವ್ಯವೇನೆಂಬುದನ್ನು ಹೇಳಿ ಮುಗಿಸುತ್ತೇವೆ. ತರಬೇತಿಯನ್ನು ಸಂಸ್ಥೆಯು ಕೊಟ್ಟೀತು, ಸಾಲವನ್ನು ಬ್ಯಾಂಕು ಕೊಟ್ಟೀತು; ಬೀದಿಯವರ ವಿಶ್ವಾಸವನ್ನು ಬೀದಿಯವರೇ ಕೊಡಬೇಕು. ನಮ್ಮ ಬೀದಿಯ ಮೂಲೆಯಲ್ಲಿ ಬಾಗಲಕೋಟೆಯ ಕಡೆಯ ದಂಪತಿಗಳು ರೊಟ್ಟಿ ತಟ್ಟುತ್ತಿರಬಹುದು. ಬಿಹಾರದ ಕಡೆಯ ತರುಣನು ಗಾಡಿ ನಿಲ್ಲಿಸಿರಬಹುದು. ಅವರಿಂದ ಕೊಂಡುದಕ್ಕೆ ಆಗಲೇ ಹಣವನ್ನು ಕೊಡುವುದು, ಸಾಲ ಹೇಳದಿರುವುದು. ಕುಡಿಯುವ ನೀರಿಗೆ ನಮ್ಮ ನಲ್ಲಿಯನ್ನು ಬಿಡುವುದು. ಮನೆಯನ್ನು ಬಾಡಿಗೆಗೆ ಕೇಳಿದರೆ ಜಾತಿಯನ್ನೂ ಊರನ್ನೂ ಕೆದಕದಿರುವುದು. ಅರ್ಜಿಯನ್ನು ಬರೆಯಲು ಬಾರದವರಿಗೆ ಒಂದು ಗಂಟೆ ಕುಳಿತು ಬರೆದುಕೊಡುವುದು. ತರಬೇತಿ ಸಂಸ್ಥೆಯ ವಿಳಾಸವನ್ನು ತಿಳಿಸುವುದು. ಇವು ಯಾರಿಗೂ ಭಾರವಾದ ಕೆಲಸಗಳಲ್ಲ. ಓದುಬರಹ ಬಲ್ಲ ಗೃಹಿಣಿಯರು ವಾರಕ್ಕೊಮ್ಮೆ ನೆರೆಯವಳೊಬ್ಬಳ ಲೆಕ್ಕದ ಪುಸ್ತಕವನ್ನು ನೋಡಿಕೊಟ್ಟರೆ, ಮುಂಬಯಿಯ ರಾತ್ರಿಶಾಲೆಯು ಮಾಡಿದ ಕೆಲಸದಲ್ಲಿ ಒಂದು ಪಾಲನ್ನು ಅವರು ಮಾಡಿದಂತೆಯೇ ಸರಿ.

ಘಟ್ಟವನ್ನಿಳಿದು ಹೋದವರೂ ಏರಿ ಬಂದವರೂ ನಮ್ಮ ಮನೆತನಗಳಲ್ಲಿಯೇ ಉಂಟು. ಮುಂಬಯಿಯಲ್ಲಿಯೋ ಮದ್ರಾಸಿನಲ್ಲಿಯೋ ಕನ್ನಡದ ಹುಡುಗನೊಬ್ಬನಿಗೆ ಯಾರೋ ಒಬ್ಬರು ಮಲಗಲು ತಾವು ಕೊಟ್ಟುದರಿಂದ ಇಲ್ಲಿ ಎಷ್ಟೋ ಮನೆಗಳ ಒಲೆಗಳು ಉರಿದುವು. ಆ ಋಣವು ಕೊಟ್ಟವರಿಗೇ ತಿರುಗಿ ಸಲ್ಲತಕ್ಕದ್ದಲ್ಲ. ಈಗ ನಮ್ಮಲ್ಲಿಗೆ ಬಂದಿರುವವರಿಗೆ ಸಲ್ಲತಕ್ಕದ್ದು.